ಸಾಲುಮರವೆಂದರೆ ಯಾವ ಮರ?

ಮಾಘ ಮಾಸದ ಬಹುಳದಲ್ಲಿ ನಡೆಯುವ ಕೊಟ್ಟೂರಿನ ಶ್ರೀ ಗುರು ಬಸವೇಶ್ವರಸ್ವಾಮಿಯ ರಥೋತ್ಸವಕ್ಕೆ ಸದ್ಭಕ್ತರು ದೂರದೂರದ ಊರುಗಳಿಂದ ಕಾಲ್ನಡಿಗೆಯಲ್ಲಿಯೇ ಬರುವುದು ಓದುಗ ಬಂಧುಗಳಿಗೆ ತಿಳಿದ ಸಂಗತಿ. ದಾವಣಗೆರೆಯ ಕಡೆಯಿಂದ ಬರುವವರ ಸಂಖ್ಯೆ ದೊಡ್ಡದು. ಹರಪನಹಳ್ಳಿ, ಹೂವಿನ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ದಾರಿಗಳಲ್ಲಿಯೂ ಆ ದಿನಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಡೆಯುವವರು ಕಾಣಸಿಗುತ್ತಾರೆ. ಶಿವರಾತ್ರಿ ಇನ್ನೂ ಬಂದಿರುವುದಿಲ್ಲ. ಆದರೆ ನಮ್ಮ ಸೀಮೆಯ ಬಿಸಿಲು ಪಂಚಾಂಗವನ್ನು ನೋಡಿ ಬರುವುದಿಲ್ಲವಷ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ಡಾಂಬರು ಕಾದಿರುತ್ತದೆ.

ಹಾಗೆ ನಡೆದು ಬರುವವರಿಗೆ ದಾರಿಯಲ್ಲಿ ಮಜ್ಜಿಗೆ ಕೊಡುತ್ತಿದ್ದ ಒಂದು ಹುಣಸೆಮರದ ಕೆಳಗೆ ಒಮ್ಮೆ ನಾವೂ ಕುಳಿತಿದ್ದೆವು. ಪಕ್ಕದಲ್ಲಿ ಒಬ್ಬ ಹಿರಿಯರು, ಅವರೊಡನೆ ನಾಲ್ಕನೆಯದೋ ಐದನೆಯದೋ ತರಗತಿ ಓದುವ ಮೊಮ್ಮಗ. ಹುಡುಗ ಲೋಟ ಖಾಲಿ ಮಾಡಿ, "ಅಜ್ಜಾ, ಅಶೋಕ ಸಾಲುಮರ ನೆಡಿಸಿದ ಅಂತ ನಮ್ಮ ಪುಸ್ತಕದಾಗ ಐತಿ. ಸಾಲುಮರ ಅಂದ್ರ ಯಾವ ಗಿಡ? ಅದರ ಎಲಿ ಹೆಂಗಿರ್ತೈತಿ?" ಎಂದು ಕೇಳಿದ. ಅಜ್ಜ ನಕ್ಕು, "ಅದು ಒಂದು ಗಿಡದ ಹೆಸರಲ್ಲಪ್ಪಾ. ದಾರಿ ಎರಡೂ ಮಗ್ಗಲಿಗೆ ಸಾಲಾಗಿ ಇರ್ತಾವಲ್ಲ, ಆ ಗಿಡಗಳಿಗೆಲ್ಲ ಸಾಲುಮರ ಅಂತಾರ" ಎಂದರು. ಹುಡುಗ ಎದ್ದು ನಿಂತು ದಾರಿಯ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದ. "ಎಲ್ಲೈತಿ ಸಾಲು?" ಎಂದ.

ಅಜ್ಜನೂ ಉತ್ತರ ಹೇಳಲಿಲ್ಲ, ನಾವೂ ಹೇಳಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇದ್ದುದು ನಾವು ಕುಳಿತಿದ್ದ ಹುಣಸೆ ಮತ್ತು ಎರಡು ಹೊಲ ದಾಟಿ ಒಂದು ಬೇವು. ಹುಡುಗನನ್ನು ದಡ್ಡನೆನ್ನುವ ಹಾಗಿಲ್ಲ. ಆಲದಮರ, ಬೇವಿನಮರ, ಸಾಲುಮರ ಎಂದು ಓದಿದ ಮಗು, ಸಾಲನ್ನು ಎಂದೂ ಕಾಣದಿದ್ದರೆ, ಅದನ್ನು ಒಂದು ಜಾತಿಯ ಮರವೆಂದೇ ತಿಳಿಯುವುದು ಸಹಜ. ಮಾತು ಪುಸ್ತಕದಲ್ಲಿ ಉಳಿದು ವಸ್ತು ಬಯಲಿನಿಂದ ಹೋದರೆ ಹೀಗಾಗುತ್ತದೆ. ಅಂದಿನಿಂದ ಈ ಒಂದು ಮಾತಿನ ಬೆನ್ನು ಹತ್ತಿದೆವು.

'ಸಾಲು' ಎಂಬುದು ಅಚ್ಚಗನ್ನಡದ ಮಾತು. ಒಕ್ಕಲು ಮನೆತನದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನೇಗಿಲು ಹೊಡೆದಾಗ ನೆಲದಲ್ಲಿ ಬೀಳುವ ಗೀರು ಸಾಲು. ಕೂರಿಗೆಯ ಹಿಂದೆ ಮೂಡುವುದು ಸಾಲು. ಜೋಳದ ನಡುವೆ ತೊಗರಿ ಹಾಕಿದರೆ ಅದು ಅಕ್ಕಡಿ ಸಾಲು. ತಮಿಳಿನ ಮತ್ತು ಮಲಯಾಳದ 'ಚಾಲ್', ತೆಲುಗಿನ 'ಚಾಲು' ಇದರ ದಾಯಾದಿಗಳು. ಅವಕ್ಕೂ ಉಳುಮೆಯ ಗೀರೆಂಬ ಅರ್ಥವಿದೆ. ಎಂದರೆ, ದೀಪದ ಸಾಲು, ಹಂಪೆಯ ಸಾಲುಮಂಟಪ, ದಾಸೋಹದ ಪಂಕ್ತಿಯ ಸಾಲು, ಇವೆಲ್ಲಕ್ಕೂ ತಾಯಿ ಹೊಲವೇ. ದಾರಿಯ ಬದಿಯಲ್ಲಿ ಮರಗಳು ಒಂದರ ಹಿಂದೆ ಒಂದು ನಿಂತುದನ್ನು ಕಂಡ ನಮ್ಮ ಹಿರಿಯರಿಗೆ ಬಿತ್ತಿದ ಹೊಲವೇ ನೆನಪಾಗಿರಬೇಕು. ಸಾಲುಮರ ತಾನಾಗಿ ಹುಟ್ಟಿದ ಕಾಡಲ್ಲ, ಬಿತ್ತಿದ ಬೆಳೆ.

ಇದೇ ಉಚ್ಚಾರಣೆಯ ಬೇರೆ ಮಾತುಗಳೂ ಕನ್ನಡದಲ್ಲಿವೆ. ಬೇರು ಬೇರೆಯಾದರೂ ಕಿವಿಗೆ ಒಂದೇ. 'ಸಾಲು' ಎಂಬ ಕ್ರಿಯಾಪದಕ್ಕೆ ಸಾಕಾಗು ಎಂದರ್ಥ. 'ಇಷ್ಟು ಸಾಲದು' ಎನ್ನುವಾಗ ನಾವು ಬಳಸುವುದು ಅದನ್ನೇ. ರಾಯದುರ್ಗದ ಕಡೆಯ ನೆಂಟರು 'ಚಾಲು' ಎಂದು ಊಟದ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದೂ ಇದೇ ಮಾತು. ಇನ್ನು 'ಈ ಸಾಲಿನ ಮುಂಗಾರು', 'ಕಳೆದ ಸಾಲಿನ ಲೆಕ್ಕಪತ್ರ' ಎನ್ನುವಾಗಿನ ಸಾಲು, ವರ್ಷವೆಂಬ ಅರ್ಥದ ಪಾರಸಿಯ 'ಸಾಲ್'. ಕಚೇರಿಯ ಕಾಗದದೊಡನೆ ಬಂದು ಇಲ್ಲಿಯೇ ನೆಲೆಸಿತು. 'ಸಾಲ' ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ! ಸಂಸ್ಕೃತದಲ್ಲಿಯೋ 'ಸಾಲ' ಎಂದರೆ ಒಂದು ಜಾತಿಯ ಮರ, ಯಾವುದೇ ಮರ, ಜೊತೆಗೆ ಕೋಟೆಯ ಗೋಡೆ. ಮರಕ್ಕೂ ಗೋಡೆಗೂ ಒಂದೇ ಮಾತು ಬಂದುದು ವಿಚಿತ್ರವೆನಿಸಬಹುದು. ಮುಂದೆ ಫ್ರೆಂಚರ ಮಾತಿಗೆ ಬಂದಾಗ ಇದು ಮತ್ತೆ ಎದುರಾಗುತ್ತದೆ.

ತಮಿಳರು ಇಂದು ರಸ್ತೆಗೆಲ್ಲ 'ಸಾಲೈ' ಎನ್ನುತ್ತಾರೆ. ಆದರೆ ಆ ಮಾತಿಗೆ ಮರಗಳಿಂದ ಕೂಡಿದ ಹೆದ್ದಾರಿ ಎಂಬ ಅರ್ಥವನ್ನು ತಮಿಳು ನಿಘಂಟುಗಳು ಕೊಡುತ್ತವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮಧುರೆಯನ್ನು ಆಳಿದ ರಾಣಿ ಮಂಗಮ್ಮಾಳ್ ಹಾಕಿಸಿದ ದಾರಿಗಳಿಗೆ ಇಂದಿಗೂ 'ಮಂಗಮ್ಮಾಳ್ ಸಾಲೈ' ಎಂಬ ಹೆಸರುಂಟು. ಪಾಠಶಾಲೆಗೂ ಅವರಲ್ಲಿ 'ಪಾಠಸಾಲೈ' ಎಂದೇ ಹೆಸರು. ಶಾಲೆಯೂ ದಾರಿಯೂ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ.

ಇನ್ನು ಪಶ್ಚಿಮದ ಕಡೆಗೆ ನೋಡೋಣ. ಇಂಗ್ಲಿಷರು ಸಾಲುಮರದ ದಾರಿಗೆ 'ಅವೆನ್ಯೂ' ಎನ್ನುತ್ತಾರೆ. ಅದು ಫ್ರೆಂಚ್ ಮಾತು. ಮೂಲದಲ್ಲಿ 'ಬರುವುದು' ಎಂದಷ್ಟೇ ಅರ್ಥ. ಸಿರಿವಂತನ ಬಂಗಲೆಗೆ ಅತಿಥಿಗಳು ಬರುವ ದಾರಿ ಅವೆನ್ಯೂ. ಅದರ ಎರಡು ಬದಿಗೂ ಮರ ನೆಡುವ ರೂಢಿಯಿದ್ದುದರಿಂದ ಮರದ ಅರ್ಥ ಆಮೇಲೆ ಅಂಟಿಕೊಂಡಿತು. ಜರ್ಮನರ 'ಅಲೇ' ಸಹ ಫ್ರೆಂಚಿನಿಂದಲೇ ಹೋದದ್ದು. ಅದರ ಮೂಲಾರ್ಥ 'ಹೋಗುವುದು'. ಒಬ್ಬರಿಗೆ ಬರುವ ದಾರಿ, ಇನ್ನೊಬ್ಬರಿಗೆ ಹೋಗುವ ದಾರಿ. ಮರದ ಮಾತು ಎರಡರಲ್ಲಿಯೂ ಇಲ್ಲ. ಆದ್ದರಿಂದಲೇ ಮರ ಹೋದರೂ ಆ ಹೆಸರಿಗೆ ಭಂಗವಿಲ್ಲ. ನ್ಯೂಯಾರ್ಕಿನಲ್ಲಿ 1811ರ ನಕ್ಷೆಯ ಪ್ರಕಾರ ಉದ್ದುದ್ದಕ್ಕೆ ಹೋಗುವ ಬೀದಿಗಳೆಲ್ಲ ಅವೆನ್ಯೂಗಳಾದವು, ಮರವಿರಲಿ ಬಿಡಲಿ. ಅಷ್ಟು ದೂರವೇಕೆ? ಬೆಂಗಳೂರಿನ ಪೇಟೆಯ ಅವೆನ್ಯೂ ರಸ್ತೆಗೆ ಹೋಗಿ ಮೇಲೆ ನೋಡಿರಿ. ಹಿಂದೆ ದೊಡ್ಡಪೇಟೆ ಎಂದು ಚೆಂದದ ಹೆಸರಿದ್ದ ಆ ಬೀದಿಯಲ್ಲಿ ಅಂಗಡಿಗಳ ಸಾಲುಂಟು, ಹಳೆಯ ಪುಸ್ತಕಗಳ ಸಾಲುಂಟು, ಸಾಲುಮರ ಮಾತ್ರ ಕಾಣದು.

ಸ್ಪೇನ್ ದೇಶದವರ 'ಅಲಮೇಡ' ಎಂಬ ಮಾತು ಇದಕ್ಕಿಂತ ನಮ್ಮ ಮನಸ್ಸಿಗೆ ಹತ್ತಿರವಾದದ್ದು. 'ಆಲಮೋ' ಎಂದರೆ ಪಾಪ್ಲರ್ ಮರ. ಆ ಮರಗಳಿರುವ ತಾಣ ಅಲಮೇಡ. ಬರಬರುತ್ತ ಯಾವ ಮರವಾದರೂ ಸರಿ, ನೆರಳಿನಲ್ಲಿ ಜನ ಅಡ್ಡಾಡುವ ಜಾಗವೆಲ್ಲ ಅಲಮೇಡವಾಯಿತು. ಮೆಕ್ಸಿಕೋ ನಗರದ ಅಲಮೇಡ ಉದ್ಯಾನ 1592ರಷ್ಟು ಹಳೆಯದು. ನಮ್ಮ ಹುಡುಗನ ಪ್ರಶ್ನೆಯನ್ನು ಸ್ಪೇನಿನ ಹುಡುಗ ತನ್ನ ಅಜ್ಜನಿಗೆ ಕೇಳಿದ್ದರೆ, ಇಂಥ ಮರ ಎಂದು ಬೆರಳು ಮಾಡಿ ತೋರಿಸಬಹುದಾಗಿತ್ತು.

ಫ್ರೆಂಚರ ಇನ್ನೊಂದು ಮಾತು 'ಬುಲೆವಾರ್'. ಅದು ಕೋಟೆಯ ಕೊತ್ತಳವೆಂಬ ಅರ್ಥದ ಡಚ್ಚರ ಮಾತಿನಿಂದ ಬಂದದ್ದು. 1670ರ ಸುಮಾರಿನಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಪ್ಯಾರಿಸಿನ ಹಳೆಯ ಕೋಟೆಗೋಡೆಗಳನ್ನು ಕೆಡವಿಸಿ ಆ ಜಾಗದಲ್ಲಿ ಮರ ನೆಡಿಸಿದ. ಗೋಡೆ ಬಿತ್ತು, ಮರ ಬಂತು, ಹೆಸರು ಗೋಡೆಯದೇ ಉಳಿಯಿತು. ಸಂಸ್ಕೃತದ 'ಸಾಲ' ಒಂದೇ ಉಸಿರಿನಲ್ಲಿ ಮರವೂ ಗೋಡೆಯೂ ಆದುದನ್ನು ಇಲ್ಲಿ ನೆನೆಯಬಹುದು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಇಂಥದ್ದನ್ನು ಕಂಡಾಗ ಮನಸ್ಸಿಗೆ ಒಂದು ಸಂತೋಷ.

ಬರ್ಲಿನ್ನಿನ ಜನರು ಸುತ್ತುಬಳಸು ಮಾಡದೆ ತಮ್ಮ ದೊಡ್ಡ ಬೀದಿಗೆ 'ಲಿಂಡನ್ ಮರಗಳ ಕೆಳಗೆ' ಎಂದೇ ಹೆಸರಿಟ್ಟರು. 1647ರಲ್ಲಿ ಅಲ್ಲಿಯ ಅರಸ ನೆಡಿಸಿದ ಮರಗಳವು. 1930ರ ದಶಕದಲ್ಲಿ ನೆಲದಡಿಯ ರೈಲುದಾರಿಗಾಗಿ ಹಲವನ್ನು ಕಡಿದರು. ಉಳಿದವು ಯುದ್ಧದ ಕೊನೆಯ ದಿನಗಳಲ್ಲಿ ಹಾಳಾದವು, ಸೌದೆಯಾದವು. ಮರವಿಲ್ಲದೆ ಆ ಹೆಸರನ್ನು ಹೇಗೆ ಇಟ್ಟುಕೊಳ್ಳುವುದು? 1950ರ ದಶಕದಲ್ಲಿ ಮತ್ತೆ ಲಿಂಡನ್ ಸಸಿಗಳನ್ನೇ ತಂದು ನೆಟ್ಟರು.

ನಮ್ಮ ಮಾತಿಗೆ ನಿಜವಾದ ಜೋಡಿ ಸಿಕ್ಕಿದ್ದು ಜಪಾನಿನಲ್ಲಿ. ಅಲ್ಲಿ ಇದಕ್ಕೆ 'ನಮಿಕಿ' ಎನ್ನುತ್ತಾರೆ. 'ನಮಿ' ಎಂದರೆ ಸಾಲು, 'ಕಿ' ಎಂದರೆ ಮರ. ಅಕ್ಷರಕ್ಕೆ ಅಕ್ಷರ ಸಾಲುಮರ! ನಿಕ್ಕೋ ಎಂಬ ಪುಣ್ಯಕ್ಷೇತ್ರಕ್ಕೆ ಹೋಗುವ ದಾರಿಗಳ ಸಾಲುಮರಗಳು ಲೋಕಪ್ರಸಿದ್ಧವಾಗಿವೆ. ಹದಿನೇಳನೆಯ ಶತಮಾನದಲ್ಲಿ ಮತ್ಸುದೈರ ಮಸತ್ಸುನ ಎಂಬ ಸಾಮಂತ, ತನ್ನ ಗತಿಸಿದ ಒಡೆಯನಿಗಾಗಿ ಕಟ್ಟಿದ ಗುಡಿಗೆ ಕಾಣಿಕೆಯಾಗಿ ಈ ದಾರಿಗಳ ಬದಿಗೆ ಇಪ್ಪತ್ತು ವರ್ಷ ಬಿಡದೆ ಮರ ನೆಡಿಸಿದ. ಮೂವತ್ತೈದು ಕಿಲೋಮೀಟರ್ ಉದ್ದಕ್ಕೆ ಇಂದಿಗೂ ಸುಮಾರು 12 ಸಾವಿರ ಮರಗಳಿವೆ. ಬಂಗಾರದ ಕಳಸವನ್ನೋ ಬೆಳ್ಳಿಯ ಬಾಗಿಲನ್ನೋ ಕೊಡಬಹುದಾಗಿದ್ದ ಮನುಷ್ಯ ನಡೆದು ಬರುವವರಿಗೆ ನೆರಳು ಕೊಟ್ಟ. ಆ ಮರಗಳಿಗೆ ವಯಸ್ಸಾಗಿ, ವಾಹನಗಳ ಕಾಟಕ್ಕೆ ಸೊರಗತೊಡಗಿದಾಗ 1996ರಲ್ಲಿ ಅಲ್ಲಿಯ ಸರ್ಕಾರ ಒಂದು ಏರ್ಪಾಡು ಮಾಡಿತು. ಒಂದೊಂದು ಮರಕ್ಕೂ ಒಬ್ಬೊಬ್ಬ ಒಡೆಯ. ಆತ ಕೊಟ್ಟ ಹಣ ಇಡುಗಂಟಾಗಿ ಉಳಿಯುತ್ತದೆ. ಬರುವ ಆದಾಯ ಮರಗಳ ಆರೈಕೆಗೆ. ನಮ್ಮ ಮಠಗಳಲ್ಲಿ ನಿತ್ಯದಾಸೋಹಕ್ಕೆ ಇಡುಗಂಟು ಇಡುವ ಪದ್ಧತಿಯಿದೆಯಲ್ಲ, ಅದೇ ರೀತಿ.

ಹುಡುಗನ ಅಶೋಕನ ಬಳಿಗೆ ಈಗ ಬರೋಣ. ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಶಾಸನದಲ್ಲಿ ಆತ, ದಾರಿಗಳಲ್ಲಿ ಆಲದಮರಗಳನ್ನು ನೆಡಿಸಿದೆ, ಅವು ಪಶುಗಳಿಗೂ ಮನುಷ್ಯರಿಗೂ ನೆರಳಾಗುವುವು, ಮಾವಿನ ತೋಪುಗಳನ್ನು ಬೆಳೆಸಿದೆ, ಬಾವಿಗಳನ್ನು ತೋಡಿಸಿದೆ ಎಂಬ ಅರ್ಥದ ಮಾತುಗಳನ್ನು ಬರೆಸಿದ್ದಾನೆ. ಎರಡು ಸಂಗತಿಗಳನ್ನು ಗಮನಿಸಬೇಕು. ಪಶುಗಳನ್ನು ಮೊದಲು ಹೇಳಿ ಮನುಷ್ಯರನ್ನು ಆಮೇಲೆ ಹೇಳಿದ್ದಾನೆ. ಮತ್ತು ಆ ಪ್ರಾಕೃತ ವಾಕ್ಯದಲ್ಲಿ 'ಸಾಲು' ಎಂಬ ಮಾತೇ ಇಲ್ಲ! ದಾರಿ ಉಂಟು, ಆಲ ಉಂಟು, ನೆರಳು ಉಂಟು. ಅವುಗಳನ್ನು ಸಾಲಾಗಿ ನಿಲ್ಲಿಸಿದವರು ನಮ್ಮ ಪಠ್ಯಪುಸ್ತಕ ಬರೆದ ಕನ್ನಡಿಗರು. ಕೂಡ್ಲಿಗಿಗೆ ನೆರೆಯಾದ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಅಶೋಕನ ಶಾಸನಗಳಿವೆ. ಆದರೆ ಇವು ಬೇರೆ ಶಾಸನಗಳು. ಇವುಗಳಲ್ಲಿ ಮರದ ಪ್ರಸ್ತಾಪವಿಲ್ಲ. ಅಭಿಮಾನಕ್ಕಾಗಿ ಇಲ್ಲದ್ದನ್ನು ಹೇಳುವುದು ಬೇಡ.

ನಮ್ಮದೇ ನೆಲದ ಸಾಕ್ಷಿ ಬೇಕಾದರೆ ಅದಕ್ಕೇನೂ ಕೊರತೆಯಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಂದಿನ ಹೊಸಪೇಟೆಯಾದ ನಾಗಲಾಪುರದಿಂದ ರಾಜಧಾನಿಗೆ ಹೋಗುವ ಅಗಲವಾದ ದಾರಿಯನ್ನು ವರ್ಣಿಸಿದ್ದಾನೆ. ಇಬ್ಬದಿಗೂ ಮನೆಗಳು, ಅಂಗಡಿಗಳು. ನಡೆಯುವವರಿಗೆ ನೆರಳಾಗಲೆಂದು ಅರಸನ ಅಪ್ಪಣೆಯಂತೆ ನೆಟ್ಟ ಬಹಳ ಮರಗಳು. ಆ ಅರಸ ಕೃಷ್ಣದೇವರಾಯ. ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಅನಂತಶಯನ ಗುಡಿಯನ್ನು ಕಂಡವರೆಲ್ಲ ಆ ಹಳೆಯ ದಾರಿಯ ಜಾಡಿನಲ್ಲಿಯೇ ಓಡಾಡಿದ್ದೀರಿ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗಿನಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲೂಕುಗಳಿಗೆ ಆ ಹೊಸಪೇಟೆಯೇ ಜಿಲ್ಲಾಕೇಂದ್ರ. 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿದ ಹರಪನಹಳ್ಳಿಯವರಿಗೆ ಜಿಲ್ಲೆ ಬದಲಾಗುವುದು ರೂಢಿಯಾಗಿಹೋಗಿದೆ.

ಬಳ್ಳಾರಿ ಸೀಮೆ 1953ರ ಅಕ್ಟೋಬರ್ ಒಂದರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ಕಾಲದ ಅಧಿಕಾರಿಗಳು ದಾರಿಮರಗಳ ವಿಷಯದಲ್ಲಿ ಲೆಕ್ಕಾಚಾರದವರು. 1876ರಿಂದ 78ರವರೆಗಿನ, ನಮ್ಮ ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದ ಆ ಘೋರ ಕ್ಷಾಮದಲ್ಲಿ ಬಳ್ಳಾರಿ ಸೀಮೆ ನಲುಗಿಹೋಯಿತು. ಹಸಿದವರಿಗೆ ಕೂಲಿ ಕೊಡಲು ರಸ್ತೆ ಕೆಲಸಗಳನ್ನು ತೆಗೆದರು. ದಾರಿಯ ಬದಿಗೆ ಆಲವನ್ನು ಬೀಜದಿಂದಲ್ಲ, ಆಳೆತ್ತರದ ದಪ್ಪ ಕೊಂಬೆಯನ್ನೇ ಕಡಿದು ಗೂಟದಂತೆ ನೆಡುವುದು ಹಳೆಯ ಪದ್ಧತಿ. ದನಕರುಗಳ ಬಾಯಿಗೆ ಚಿಗುರು ಎಟುಕಬಾರದು ಎಂಬುದು ಅದರ ಗುಟ್ಟು. ಹುಣಸೆಗೆ ಇನ್ನೊಂದು ಗುಣವಿತ್ತು. ನೆರಳಿನ ಜೊತೆಗೆ ಹಣ್ಣಿನ ಹರಾಜಿನಿಂದ ಬೊಕ್ಕಸಕ್ಕೂ ಕಾಸು. ನಾವು ಚಿಕ್ಕವರಿದ್ದಾಗ ಕೂಡ್ಲಿಗಿಯ ಕಡೆ ರಸ್ತೆಯ ಹುಣಸೆಮರಗಳ ಮೈಮೇಲೆ ಬಣ್ಣದಲ್ಲಿ ಬರೆದ ಅಂಕಿಗಳಿರುತ್ತಿದ್ದವು. ಎತ್ತಿನ ಬಂಡಿಯಲ್ಲಿ ಕುಳಿತು ಆ ಅಂಕಿಗಳನ್ನು ಓದುತ್ತ ಓದುತ್ತ ನಾವು ಎಣಿಕೆ ಕಲಿತೆವೆಂದರೆ ಉತ್ಪ್ರೇಕ್ಷೆಯೇನಲ್ಲ. ತಮಿಳರ ಮಾತಿನಂತೆ ನಮಗೂ ಅದೇ ದಾರಿ, ಅದೇ ಶಾಲೆ. ನೂರಾ ಹನ್ನೆರಡಾದ ಮೇಲೆ ನೂರಾ ಹದಿನಾಲ್ಕು ಬಂದರೆ, ನಡುವಿನದು ಯಾವಾಗ ಬಿತ್ತೆಂದು ಬಂಡಿ ಹೊಡೆಯುವ ಚಿಕ್ಕಪ್ಪ ಹೇಳುತ್ತಿದ್ದರು.

ಆ ಅಂಕಿಗಳು ಎಲ್ಲಿ ಹೋದವು? ಮರಗಳು ಒಂದೇ ದಿನ ಹೋಗಲಿಲ್ಲ. ಒಂದು ಗಾಳಿಗೆ ಬಿತ್ತು. ಇನ್ನೊಂದರ ಬುಡಕ್ಕೆ ಯಾರೋ ಬೆಂಕಿಯಿಟ್ಟರು. ಮತ್ತೊಂದು ವಿದ್ಯುತ್ ತಂತಿಗೆ ಅಡ್ಡವಾಯಿತು. ಉಳಿದವು ರಸ್ತೆ ಅಗಲವಾಗುವಾಗ ಹೋದವು. ಚಿತ್ರದುರ್ಗದಿಂದ ಹೊಸಪೇಟೆಗೆ ಕೂಡ್ಲಿಗಿಯ ಮೇಲೆ ಹಾಯ್ದುಹೋಗುವ ರಾಷ್ಟ್ರೀಯ ಹೆದ್ದಾರಿ ಈಗ ನಾಲ್ಕು ಪಥದ್ದು. ನಡುವಿನ ಪಟ್ಟಿಯಲ್ಲಿ ಕಣಗಿಲೆಯಂಥ ಹೂಗಿಡಗಳು ಅರಳುತ್ತವೆ, ನೋಡಲು ಚೆನ್ನಾಗಿಯೂ ಇವೆ. ಆದರೆ ಅವು ಕಾರಿನಲ್ಲಿ ಹೋಗುವವರ ಕಣ್ಣಿಗೆ. ನಡೆದು ಹೋಗುವವರ ತಲೆಗಲ್ಲ. ರಸ್ತೆ ಅಗಲವಾಗಬಾರದೆಂದು ನಾವು ಹೇಳುವುದಿಲ್ಲ. ಹೆರಿಗೆ ನೋವಿನ ಹೆಣ್ಣುಮಗಳನ್ನು ಹಡಗಲಿಯಿಂದ ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ಒಳ್ಳೆಯ ರಸ್ತೆಯ ಬೆಲೆ ತಿಳಿಯುತ್ತದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಕಡಿಯಲು ಅನುಮತಿ ಬೇಕೆನ್ನುತ್ತದೆ, ಕಡಿದವರು ಬದಲಿ ಗಿಡ ನೆಡಬೇಕೆಂದೂ ಹೇಳುತ್ತದೆ. ನೆಡುವ ಕೆಲಸ ನಡೆಯುವುದೂ ಉಂಟು. ಒಮ್ಮೆ ನಮ್ಮೆದುರಿಗೇ ಇನ್ನೂರು ಸಸಿಗಳನ್ನು ಒಂದೇ ಬೆಳಿಗ್ಗೆ ನೆಟ್ಟು, ಭಾವಚಿತ್ರ ತೆಗೆಸಿಕೊಂಡು ಹೋದರು. ಆ ಸಾಲಿನ ಬೇಸಿಗೆಗೆ ಒಂದೂ ಉಳಿಯಲಿಲ್ಲ. ನೀರು ಹಾಕುವುದು ಯಾರ ಪಾಲಿಗೆ ಎಂದು ಯಾರೂ ಕೇಳಿರಲಿಲ್ಲ.

ನೀರು ಹಾಕಿದವರೊಬ್ಬರಿದ್ದರು. ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಕೂಲಿ ಮಾಡಿ ಬದುಕುತ್ತಿದ್ದವರು. ಮಕ್ಕಳಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಸುಮಾರು ನಾಲ್ಕು ಕಿಲೋಮೀಟರ್ ದಾರಿಯಲ್ಲಿ ವರ್ಷಕ್ಕಿಷ್ಟು ಎಂದು ಆಲದ ಸಸಿಗಳನ್ನು ನೆಟ್ಟರು, ಮುಳ್ಳು ಕಟ್ಟಿದರು, ಕೊಡದಲ್ಲಿ ನೀರು ಹೊತ್ತರು. ಮೊದಲ ವರ್ಷ ಹತ್ತು. ಕೊನೆಗೆ 385 ಎಂಬ ಎಣಿಕೆ ಪ್ರಸಿದ್ಧವಾಗಿದೆ. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ಪ್ರಶಸ್ತಿಗಳು ಬಂದದ್ದು ಆಮೇಲೆ. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಕಾಮಗಾರಿಗೆ ಆ ಮರಗಳೇ ಬಲಿಯಾಗುವ ಭಯ ಬಂದಾಗ, ನೂರು ದಾಟಿದ ಆ ತಾಯಿ ಮುಖ್ಯಮಂತ್ರಿಗಳವರೆಗೆ ಹೋಗಿ ಉಳಿಸಿರೆಂದು ಕೇಳಿಕೊಂಡರು. ಬದಲಿ ದಾರಿ ನೋಡುವಂತೆ ಸರ್ಕಾರ ಸೂಚಿಸಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ಲಿಂಗೈಕ್ಯರಾದರೆಂದು ನಮ್ಮವರು ಕೆಲವರು ಹೇಳಿದ್ದನ್ನು ಕೇಳಿದೆವು. ಅವರು ನಮ್ಮ ಸಮಾಜದವರಲ್ಲ. ಆದರೂ ಆ ಮಾತು ಯಾರ ಬಾಯಿಯಿಂದಲೂ ತಾನಾಗಿ ಬಂದಿತಲ್ಲ! ಜನ ಅವರನ್ನು 'ಸಾಲುಮರದ ತಿಮ್ಮಕ್ಕ' ಎಂದರು. ಮನೆತನಕ್ಕೆ ಊರಿನ ಹೆಸರು, ಕಸುಬಿನ ಹೆಸರು ಬರುವುದುಂಟು. ಇಲ್ಲಿ ಸಾಲುಮರವೇ ಒಬ್ಬರ ಮನೆತನದ ಹೆಸರಿನಂತಾಯಿತು.

ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತವೆ. ಹಳೆಯ ಅರ್ಥದಲ್ಲಿ ಮರವೇ ಸ್ಥಾವರ, ನಿಂತಲ್ಲಿಯೇ ನಿಂತದ್ದು. ನಡೆದು ಬರುವ ಯಾತ್ರಿಕ ಜಂಗಮ. ದಾರಿಯಲ್ಲಿ ಮಜ್ಜಿಗೆ, ಅನ್ನ ಕೊಡುವ ದಾಸೋಹವನ್ನು ನಮ್ಮ ಭಕ್ತರು ಚೆನ್ನಾಗಿಯೇ ನಡೆಸುತ್ತಿದ್ದಾರೆ. ಆದರೆ ಅದಕ್ಕೆ ಬಟ್ಟೆಯ ಚಪ್ಪರ ಹಾಕುತ್ತೇವೆ, ಮೂರು ದಿನಕ್ಕೆ ಬಾಡಿಗೆ ಕೊಡುತ್ತೇವೆ, ಬಿಚ್ಚುತ್ತೇವೆ. ಮಜ್ಜಿಗೆಯ ಗಡಿಗೆ ಇಡುವ ಆ ಜಾಗದಲ್ಲಿಯೇ ಒಂದು ಬೇವಿಗೋ ಹುಣಸೆಗೋ ನಮ್ಮ ಮನೆಯವರು ಮೂರು ಬೇಸಿಗೆ ನೀರು ಹಾಕಿದರೆ ಸಾಕು. ನಮ್ಮ ಸೀಮೆಯ ಮಣ್ಣಿನಲ್ಲಿ ಅವೆರಡೂ ಆಮೇಲೆ ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ. ರಸ್ತೆಯ ಅಂಚಿಗೆ ತೀರ ಹತ್ತಿರ ನೆಡಬಾರದು. ಮುಂದೆ ಅಗಲವಾಗುವ ಜಾಗ ಎಷ್ಟೆಂದು ಇಲಾಖೆಯವರನ್ನು ಕೇಳಿ, ಅದರಾಚೆಗೆ, ಹೊಲದವರ ಒಪ್ಪಿಗೆ ಪಡೆದು ನೆಡಬೇಕು. ಹೊಲದವರು ಒಪ್ಪುವುದು ಸುಲಭವಲ್ಲ. ಮರದ ನೆರಳಿಗೆ ಬೆಳೆ ಏಳುವುದಿಲ್ಲವೆಂಬುದು ನಿಜವಾದ ತೊಂದರೆ. ಹುಣಸೆಯ ಹಣ್ಣು ಹೊಲದವರಿಗೇ ಎಂದು ಮೊದಲೇ ಮಾತಾದರೆ ಹೇಗೋ ಒಪ್ಪುತ್ತಾರೆ.

ಮಜ್ಜಿಗೆ ಕುಡಿದ ಆ ಜಾಗಕ್ಕೆ ಮರುವರ್ಷ ರಥೋತ್ಸವದ ಹೊತ್ತಿಗೆ ಮತ್ತೆ ಹೋಗಿದ್ದೆವು. ಹುಣಸೆಗೂ ಆಚೆಯ ಬೇವಿಗೂ ನಡುವೆ, ಹೊಲದ ಬದುವಿನ ಮೇಲೆ, ಜಾಲಿಮುಳ್ಳು ಸುತ್ತಿದ ಮೂರು ಗುಂಡಿಗಳಿದ್ದವು. ಎರಡರಲ್ಲಿ ಮೊಣಕಾಲೆತ್ತರದ ಬೇವಿನ ಸಸಿಗಳು ಚಿಗುರಿದ್ದವು, ಮೂರನೆಯದು ಒಣಗಿತ್ತು. ಮಜ್ಜಿಗೆ ಕೊಡುತ್ತಿದ್ದವರನ್ನು ವಿಚಾರಿಸಿದೆವು. "ಕಳೆದ ಸಲ ಒಬ್ಬ ಅಜ್ಜ, ಮೊಮ್ಮಗ ಬಂದಿದ್ರಲ್ರೀ, ಮಳೆ ಬಿದ್ದ ಮ್ಯಾಲೆ ಬಂದು ನೆಟ್ಟುಹೋದ್ರು. ನೀರು ನಾವು ಹಾಕ್ತೀವಿ" ಎಂದರು. ಒಣಗಿದ್ದರ ಪಕ್ಕದಲ್ಲಿ ತೇವದ ಗೋಣಿ ಸುತ್ತಿದ ಒಂದು ಹೊಸ ಸಸಿ ಇಟ್ಟಿತ್ತು. ಆ ಹುಡುಗ ಇನ್ನೂ ದಾರಿಯಲ್ಲಿದ್ದಾನೆ, ಅವನು ಬಂದ ಮೇಲೆ ನೆಡುವುದು ಎಂದರು.